ಒಂಟೆಮರಿಯ ಆಯಿ ಡ್ಯೂಟಿಗೆ ಹೋದದ್ದು

ಅಡಿಗೆ ಬಾರದ ಹೆಂಗಸನ್ನು ಲೋಕ ಹೇಗೋ ಸಹಿಸಿಕೊಳ್ಳುತ್ತದೆ. ಹಾಡಲು ಬಾರದೆ ಸುಮ್ಮನಿರುವವಳನ್ನು ಮೆಚ್ಚಿಕೊಳ್ಳುವುದೂ ಉಂಟು. ಆದರೆ ಹೆತ್ತ ತಾಯಿಗೆ ಕಥೆ ಹೇಳಲು ಬರುವುದಿಲ್ಲ ಎಂದರೆ ಒಬ್ಬರೂ ನಂಬುವುದಿಲ್ಲ. ಸೋಮಾರಿತನಕ್ಕೆ ಇಟ್ಟುಕೊಂಡ ಇನ್ನೊಂದು ಹೆಸರು ಎಂದುಕೊಳ್ಳುತ್ತಾರೆ. ನನಗೆ ನಿಜವಾಗಿಯೂ ಬರುತ್ತಿರಲಿಲ್ಲ. ಕುಮಟೆಯ ನನ್ನ ತವರಿನಲ್ಲಿ ಅಜ್ಜಿ ಒಂದು ಕಥೆ ಶುರುಮಾಡಿದರೆ ನಾವು ಊಟ ಮಾಡಿ, ನಿದ್ದೆ ಮಾಡಿ, ಎದ್ದು ಬಂದರೂ ರಾಜಕುಮಾರ ಇನ್ನೂ ಕುದುರೆಯ ಮೇಲೆಯೇ ಇರುತ್ತಿದ್ದ. ಆ ಕಲೆ ನನ್ನ ತನಕ ಬರುವಷ್ಟರಲ್ಲಿ ಪೂರ್ತಿ ಬತ್ತಿಹೋಗಿತ್ತು. “ಒಂದೂರಲ್ಲಿ ಒಂದು ಕಾಗೆ ಇತ್ತು. ಅದಕ್ಕೆ ಹಸಿವಾಯಿತು. ಏನೋ ಸಿಕ್ಕಿತು, ತಿಂದಿತು.” ನನ್ನ ಕಥೆ ಇಷ್ಟೇ. ಮಗಳು ಮಾಲು “ಮುಂದೆ?” ಎನ್ನುವಳು. ಕಾಗೆಗೆ ಹೊಟ್ಟೆ ತುಂಬಿದ ಮೇಲೆ ಮುಂದೆ ಎಂಥದ್ದಿರುತ್ತದೆ?

ಇದಕ್ಕೆಲ್ಲ ನನ್ನ ಉದ್ಯೋಗವೇ ಕಾರಣ ಎಂದು ನಮ್ಮ ಯಜಮಾನರ ಅಭಿಪ್ರಾಯ. ನಾನು ಆಗ, ಎಪ್ಪತ್ತರ ದಶಕದ ಕೊನೆಯಲ್ಲಿ, ಭಟ್ಕಳದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದೆ. ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಹುಬ್ಬಳ್ಳಿ, ಮುಂಬಯಿ ಎಂದು ತಂತಿ ಚುಚ್ಚುತ್ತ ಕೂರುವುದು. ಮೂರು ನಿಮಿಷವಾಯಿತೋ, “ಸಾರ್, ಮೂರು ನಿಮಿಷ ಆಯ್ತು” ಎಂದು ನಡುವೆ ಬಾಯಿ ಹಾಕುವುದು. “ನೀನು ಮಗಳ ಹತ್ರನೂ ಟ್ರಂಕ್ ಕಾಲ್ ಲೆಕ್ಕದಲ್ಲೇ ಮಾತಾಡ್ತೆ” ಎನ್ನುತ್ತಿದ್ದರು ಅವರು. ಅವರದು ಹೊನ್ನಾವರದ ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತಿಕೆ. ಬೆಳಗಿನ ಬಸ್ಸಿಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುವವರು. ಅವರಿಗೆ ಕಥೆ ಹೇಳಲು ಬರುತ್ತಿತ್ತೋ ಇಲ್ಲವೋ ಪರೀಕ್ಷೆಯೇ ಆಗಲಿಲ್ಲ. ಬಂದವರೇ ಊಟ ಮಾಡಿ ಮಲಗಿಬಿಡುತ್ತಿದ್ದರು.

ಹೀಗಿರುವಾಗ ಮಾಲು ಬಾವಿಕಟ್ಟೆಯ ಪಾಚಿಯ ಮೇಲೆ ಜಾರಿಬಿದ್ದು ಕಾಲು ಮುರಿದುಕೊಂಡಳು. ಅವಳಿಗಿನ್ನೂ ನಾಲ್ಕು ತುಂಬಿರಲಿಲ್ಲ. ಡಾಕ್ಟರು ತೊಡೆಯ ತನಕ ಪ್ಲಾಸ್ಟರ್ ಹಾಕಿದರು. ನೋವಿಗಿಂತ ಆ ಬಿಳಿ ಕಾಲಿನ ಹೆಮ್ಮೆಯೇ ಅವಳಿಗೆ ಜಾಸ್ತಿಯಾಗಿ, ಬಂದವರಿಗೆಲ್ಲ “ನಂದು ಸಿಮೆಂಟಿನ ಕಾಲು” ಎಂದು ಬಡಿದು ತೋರಿಸುತ್ತಿದ್ದಳು. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, “ಅಲುಗಾಡದ ಹಾಗೆ ಮಲಗಿಸಿಡಿ. ಎದ್ದು ಓಡಾಡಿದರೆ ಎಲುಬು ಸೊಟ್ಟ ಕೂಡಿಕೊಳ್ತದೆ, ಆಮೇಲೆ ಜೀವನಪೂರ್ತಿ ಕುಂಟು” ಎಂದರು. ನಾಲ್ಕು ತುಂಬದ ಮಗುವನ್ನು ಹಾಸಿಗೆಯಲ್ಲಿ ಹಿಡಿದಿಡಬೇಕಾದರೆ ಒಂದೋ ಹಗ್ಗ ಬೇಕು, ಇಲ್ಲವೇ ಕಥೆ ಬೇಕು. ನಾನು ರಜೆ ಹಾಕಿ ಅವಳ ಪಕ್ಕದಲ್ಲಿ ಕೂತೆ. ನನ್ನ ಕಾಗೆ ಮೊದಲ ದಿನ ಮಧ್ಯಾಹ್ನದೊಳಗೆ ಮನೆಯಲ್ಲಿದ್ದದ್ದೆಲ್ಲ ತಿಂದು ಮುಗಿಸಿತು.

ಚಿತ್ರದ ಪುಸ್ತಕವಿದ್ದರೆ ಬಚಾವು ಎನಿಸಿತು. ಚಿತ್ರ ತಾನೇ ಕಥೆ ಹೇಳುತ್ತದೆ, ನಾನು ಪುಟ ತಿರುಗಿಸಿದರೆ ಸಾಕು. ಈಗಿನವರಿಗೆ ಇದು ದೊಡ್ಡ ಆಸೆ ಎಂದು ಕಾಣಿಸಲಾರದು. ಆಗ ನಮ್ಮ ಕಡೆ ಪುಸ್ತಕದಂಗಡಿ ಎಂದರೆ ಪಠ್ಯಪುಸ್ತಕ, ಗೈಡು, ಪಂಚಾಂಗ, ಮೇಲೊಂದಿಷ್ಟು ಯಕ್ಷಗಾನ ಪ್ರಸಂಗ. ನಮ್ಮವರು ಕೆಲಸದ ಮೇಲೆ ಕುಮಟೆಗೆ ಹೋದಾಗ ಅಲ್ಲಿನ ಅಂಗಡಿಯಲ್ಲಿ ಕೇಳಿದರಂತೆ. ಅಂಗಡಿಯವರು ಕನ್ನಡಕ ಸರಿಮಾಡಿಕೊಂಡು, “ಸಣ್ಣ ಮಕ್ಕಳ ಚಿತ್ರದ ಪುಸ್ತಕವಾ? ಅದು ಪರೀಕ್ಷೆಗೆ ಬರೂದಿಲ್ಲ ಅಲ್ದಾ? ಎಂತಕ್ಕೆ ತರಿಸೂದು?” ಎಂದು ಕೇಳಿದರಂತೆ. ಬರಿಗೈಯಲ್ಲಿ ಬರಲು ಮನಸ್ಸಾಗದೆ ಇವರು ಒಂದು ಪ್ರಸಂಗ ಪುಸ್ತಕ ತಂದರು. ಅದರ ಹೊದಿಕೆಯ ಮೇಲೆ ಒಂದೇ ಒಂದು ಚಿತ್ರ. ಮಸಿ ಎಷ್ಟು ಹರಡಿತ್ತೆಂದರೆ ಅದು ರಾಕ್ಷಸನೋ ಹಲಸಿನ ಮರವೋ ಎಂದು ಮನೆಯಲ್ಲಿ ಒಮ್ಮತಕ್ಕೆ ಬರಲಾಗಲಿಲ್ಲ.

ಎರಡು ದಿನ ಬಿಟ್ಟು ಇವರು ಗೆದ್ದ ಮುಖ ಮಾಡಿಕೊಂಡು ಬಂದರು. “ತಗ, ಪುಟಪುಟಕ್ಕೂ ಚಿತ್ರ. ಬಣ್ಣದ್ದು.” ನೋಡಿದರೆ, ಕೋಳಿಗಳಿಗೆ ಬರುವ ರೋಗಗಳ ಬಗ್ಗೆ ರೈತರಿಗೆ ಹಂಚುವ ಪುಸ್ತಿಕೆ. “ಇದನ್ನ ಮಗುವಿಗೆ ತೋರಿಸೂದಾ?” ಎಂದೆ. “ಚಿತ್ರ ಉಂಟು, ಬಣ್ಣ ಉಂಟು, ಕನ್ನಡವೂ ಉಂಟು. ಇನ್ನೆಂತ ಬೇಕು ನಿಂಗೆ?” ಎಂದು ಅವರು ಕೈಕಾಲು ತೊಳೆಯಲು ಹೋದರು. ಮಾಲುಗೆ ಆ ಪುಸ್ತಿಕೆ ಪಂಚಪ್ರಾಣವಾಯಿತು. ಕುತ್ತಿಗೆ ತಿರುಚಿಕೊಂಡ ಕೋಳಿ, ಕಣ್ಣು ಊದಿದ ಕೋಳಿ, ರೆಕ್ಕೆ ಜೋತುಬಿದ್ದ ಕೋಳಿ, ಒಂದೊಂದಕ್ಕೂ ಮರುಗಿ ಮರುಗಿ ನೋಡಿದಳು. ನಾನು ಓದಿ ಹೇಳಿದ ಲಕ್ಷಣಗಳನ್ನೆಲ್ಲ ಬಾಯಿಪಾಠ ಮಾಡಿದಳು. ಕೆಲವು ದಿನ ಮನೆ ಶಾಂತವಾಗಿತ್ತು, ಆಸ್ಪತ್ರೆಯ ವಾರ್ಡಿನಂತೆ.

ನಮ್ಮ ಬೇಲಿಯಾಚೆಯ ಮನೆ ಜುಲೇಖಾಬಿಯವರದು. ಅವರ ಗಂಡ ದುಬಾಯಿಯಲ್ಲಿದ್ದರು; ಮಕ್ಕಳು ದೊಡ್ಡವರಾಗಿ ಶಾಲೆಗೆ ಹೋಗುತ್ತಿದ್ದರು. ಗಂಡನಿಗೆ ಫೋನು ಬುಕ್ ಮಾಡಿಸುವ ಹೊತ್ತಿನಲ್ಲಿ ನನ್ನ ಪರಿಚಯವಾಗಿ, ನನಗಿಂತ ಹಿರಿಯರಾದರೂ “ಫೋನಕ್ಕ” ಎಂದೇ ಕರೆಯುತ್ತಿದ್ದರು. ಅವರ ಕೋಳಿಗಳಿಗೆ ಬೇಲಿ ಎಂಬುದು ಲೆಕ್ಕಕ್ಕಿರಲಿಲ್ಲ. ಒಂದು ಬೆಳಿಗ್ಗೆ ಅವರದೊಂದು ಹೇಂಟೆ ನಮ್ಮ ಜಗಲಿ ಹತ್ತಿ ಬಂದದ್ದೇ, ಮಾಲು ಹಾಸಿಗೆಯಿಂದಲೇ ಓಣಿಗೆಲ್ಲ ಕೇಳುವಂತೆ ಕೂಗಿದಳು: “ಜುಲೇಖಮ್ಮಾ, ನಿಮ್ಮ ಕೋಳಿ ಕಣ್ಣು ಊದಿದೆ. ಇದು ಸಾಯ್ತದೆ. ಉಳಿದದ್ದೂ ಸಾಯ್ತದೆ.”

ಜುಲೇಖಾಬಿ ತಲೆಯ ಮೇಲಿನ ಸೆರಗು ಹಿಡಿದುಕೊಂಡು ಓಡಿಬಂದರು. ಕೋಳಿಯನ್ನು ಎತ್ತಿ ಎರಡೂ ಕಡೆ ನೋಡಿದರು. ಅದಕ್ಕೆ ಎಂತದೂ ಆಗಿರಲಿಲ್ಲ. ಆಮೇಲೆ ಮಾಲುವಿನ ಕೈಯಲ್ಲಿದ್ದ ಪುಸ್ತಿಕೆ ಕಂಡಿತು. ಎರಡು ಪುಟ ಮಗುಚಿ ನನ್ನ ಮುಖ ನೋಡಿದರು.

“ಫೋನಕ್ಕಾ, ಮಕ್ಕಳಿಗೆ ಕೊಡೂದು ಇದಾ?”

“ಬೇರೆ ಸಿಗ್ಲಿಲ್ಲ” ಎಂದೆ.

ಅವರು ನಗು ತಡೆದುಕೊಂಡು ಕೋಳಿಯ ಸಮೇತ ಹೊರಟುಹೋದರು. ಸಂಜೆ ಅವರ ಮಗಳ ಕೈಯಲ್ಲಿ ಒಂದು ಪುಸ್ತಕ ಬಂತು. ಖಾಕಿ ಕಾಗದದ ಹೊದಿಕೆ ಹಾಕಿ ಜೋಪಾನ ಮಾಡಿದ್ದು. ಗಂಡ ದುಬಾಯಿಯಿಂದ ಮಕ್ಕಳಿಗೆಂದು ತಂದದ್ದಂತೆ. ತೆರೆದರೆ, ನನ್ನ ಜನ್ಮದಲ್ಲಿ ಅಂಥ ಬಣ್ಣ ಕಂಡಿರಲಿಲ್ಲ. ಹಾಳೆ ಬಾಳೆಯೆಲೆಯಂತೆ ನುಣುಪು. ಅಕ್ಷರ ಮಾತ್ರ ಅರಬ್ಬಿ. ಇರಲಿ, ಚಿತ್ರವಿದೆಯಲ್ಲ ಎಂದು ಧೈರ್ಯ ಮಾಡಿದೆ.

ಮೊದಲ ಚಿತ್ರದಲ್ಲಿ ಖರ್ಜೂರದ ಮರ, ಬಾವಿ, ಒಂದು ದೊಡ್ಡ ಒಂಟೆ, ಅದಕ್ಕೆ ಒರಗಿ ನಿಂತ ಮರಿ, ಸುತ್ತ ಕತ್ತೆ, ಆಡು, ಬೆಕ್ಕು, ಹುಂಜ. ಎರಡನೆಯದರಲ್ಲಿ ದೊಡ್ಡ ಒಂಟೆ ಇರಲಿಲ್ಲ.

“ಮರಿಯ ಆಯಿ ಎಲ್ಲಿ ಹೋಯ್ತು?” ಎಂದಳು ಮಾಲು. ಅಮ್ಮನಿಗೆ ಅವಳು ಆಯಿ ಎನ್ನುವುದು.

ನನಗೆ ತಟ್ಟನೆ ಹೊಳೆದದ್ದು ಒಂದೇ ಉತ್ತರ. “ಡ್ಯೂಟಿಗೆ ಹೋಯ್ತು.”

ಮುಂದಿನ ಪುಟದಲ್ಲಿ ಕತ್ತೆ ಇರಲಿಲ್ಲ. ಬಸ್ಸು ಶಿರಾಲಿಗೆ ಬಂತು, ಕತ್ತೆ ಇಳಿಯಿತು ಎಂದೆ. ನಮ್ಮ ಮನೆಯಲ್ಲಿ ಎಲ್ಲ ಪ್ರಯಾಣವೂ ಕುಮಟಾ ಬಸ್ಸಿನಲ್ಲೇ ಆಗುವುದು. ಆಡು ಮುರ್ಡೇಶ್ವರದಲ್ಲಿ ಇಳಿಯಿತು, ಬೆಕ್ಕು ಮೀನಿನ ವಾಸನೆ ಹಿಡಿದು ಕಾಸರಕೋಡಿನಲ್ಲಿ. ಕಥೆ ಇಷ್ಟು ಸಲೀಸಾಗಿ ಬರುತ್ತಿರುವುದಕ್ಕೆ ನಾನೇ ಬೆರಗಾಗಿದ್ದೆ. ಮಾಲು ಮಾತ್ರ ಪ್ರತಿ ಪುಟಕ್ಕೂ, “ಡ್ಯೂಟಿ ಮುಗೀತಾ?” ಎಂದು ಕೇಳುತ್ತಿದ್ದಳು. “ಇನ್ನೂ ಇಲ್ಲ” ಎನ್ನುತ್ತ ತಿರುಗಿಸಿದೆ. ಹುಂಜವೂ ಹೋಯಿತು. ಕೊನೆಯ ಪುಟದಲ್ಲಿ, ಕಣ್ಣು ಹಾಯುವಷ್ಟು ದೂರ ಮರಳು. ನಡುವೆ ಮರಿಯೊಂದೇ, ಕೆನ್ನೆಯ ಮೇಲೆ ಒಂದು ಹನಿ ಕಣ್ಣೀರು. ಮುಂದೆ ಖಾಕಿ ಕಾಗದ.

ಮಾಲು ಆ ಖಾಕಿ ಕಾಗದವನ್ನೂ ಮಗುಚಿ ನೋಡಿದಳು. ಆಮೇಲೆ ಕಾಲು ಮುರಿದಾಗಲೂ ಅಳದ ಹಾಗೆ ಅಳತೊಡಗಿದಳು. ಎದೆಗೆ ಒತ್ತಿಕೊಂಡೆ, ಬಿಡಿಸಿಕೊಂಡಳು. “ಸೋಮವಾರ ನೀನೂ ಹೋಗ್ತೆ. ನಂಗೆ ಗೊತ್ತಿದ್ದು” ಎಂದಳು. ರಜೆ ಮುಗಿಯುತ್ತ ಬಂದದ್ದನ್ನು ನಾವು ಗಂಡಹೆಂಡತಿ ಅಡಿಗೆಮನೆಯಲ್ಲಿ ಪಿಸುಮಾತಿನಲ್ಲಿ ಮಾತಾಡಿಕೊಂಡಿದ್ದೆವು. ಹಾಸಿಗೆಯಲ್ಲಿ ಮಲಗಿದವರ ಕಿವಿ ಎಷ್ಟು ಚುರುಕೆಂದು ನನಗೆ ತಿಳಿದಿರಲಿಲ್ಲ. ಅವಳೊಟ್ಟಿಗೆ ನಾನೂ ಅತ್ತೆ.

ಅಳು ಕೇಳಿ ಜುಲೇಖಾಬಿ ಹಿಟ್ಟಿನ ಕೈಯಲ್ಲೇ ಬಂದರು. ಮಾಲು ಬಿಕ್ಕುತ್ತ, “ಒಂಟೆಮರಿಯ ಆಯಿ ಡ್ಯೂಟಿಯಿಂದ ಬರ್ಲೇ ಇಲ್ಲ” ಎಂದಳು. ಅವರು ನನ್ನನ್ನೂ ಪುಸ್ತಕವನ್ನೂ ನೋಡಿ, ಕೈ ಒರೆಸಿಕೊಂಡು, ಪುಸ್ತಕವನ್ನು ಮಗುಚಿ ಅವಳ ಮುಂದಿಟ್ಟರು.

“ನಿಮ್ಮ ಆಯಿ ಹಿಂದಿನ ಬಾಗಿಲಿಂದ ಒಳಗೆ ಹೋಗಿದ್ದು ಮಗಾ. ನಮ್ಮದು ಈ ಕಡೆಯಿಂದ ಶುರು.”

ಅರಬ್ಬಿಯನ್ನು ಬಲದಿಂದ ಎಡಕ್ಕೆ ಬರೆಯುತ್ತಾರೆ ಎಂದು ನನಗೆ ಗೊತ್ತಿತ್ತು. ಪುಸ್ತಕವೂ ಹಾಗೆಯೇ ತೆರೆಯುತ್ತದೆ ಎಂದು ಹೊಳೆಯಲು ಮಾತ್ರ ಜುಲೇಖಾಬಿ ಬರಬೇಕಾಯಿತು. ಅವರು ಕೊಂಕಣಿಯಂಥ ತಮ್ಮ ನವಾಯತಿ ಭಾಷೆ, ಕನ್ನಡ ಎರಡನ್ನೂ ಕಲಸಿ ಕಥೆ ಹೇಳಿದರು. ದಾರಿ ತಪ್ಪಿದ ಮರಿಗೆ ಹುಂಜ ಸಿಕ್ಕಿತು, ಬೆಕ್ಕು ಸಿಕ್ಕಿತು, ಆಡು ಸಿಕ್ಕಿತು. ಯಾರೂ ನಡುವೆ ಇಳಿಯಲಿಲ್ಲ. ಕತ್ತೆ ಎಲ್ಲರನ್ನೂ ಬಾವಿಯ ಹತ್ತಿರ ಕರೆತಂದಿತು. ಅಲ್ಲಿ ಆಯಿ ನಿಂತಿತ್ತು. ಮಾಲು ಬೆರಳಿನಿಂದ ಆ ದೊಡ್ಡ ಒಂಟೆಯನ್ನು ಮುಟ್ಟಿ ನೋಡಿ, “ಡ್ಯೂಟಿ ಮುಗೀತು” ಎಂದು ಕಣ್ಣೊರೆಸಿಕೊಂಡಳು.

ಹೊರಡುವಾಗ ಜುಲೇಖಾಬಿ ಜಗಲಿಯಲ್ಲಿ ನಿಂತು, “ಸೋಮವಾರದಿಂದ ನೀವು ಹೋಗಿ ಫೋನಕ್ಕ. ನಾ ನೋಡ್ಕಂತೆ” ಎಂದರು. ನಾನು ಏನೋ ಹೇಳಹೊರಟೆ. “ನೀವು ಅಲ್ಲಿ ಕೂತ್ರೇ ಅಲ್ದಾ ನಂಗೆ ದುಬಾಯಿ ಸಿಗೂದು?” ಎಂದು ಬಾಯಿ ಮುಚ್ಚಿಸಿದರು. ಪ್ಲಾಸ್ಟರ್ ಬಿಚ್ಚುವ ತನಕ ನನ್ನ ಡ್ಯೂಟಿಯ ಹೊತ್ತಿನಲ್ಲೆಲ್ಲ ಅವರು ತಮ್ಮ ಹೊಲಿಗೆ, ಅಕ್ಕಿ ಆರಿಸುವ ಮೊರ ಎಲ್ಲ ನಮ್ಮ ಮನೆಗೇ ತಂದು ಮಾಲುವಿನ ಪಕ್ಕ ಕೂತರು. ಎಲುಬು ನೆಟ್ಟಗೆ ಕೂಡಿತು. ಡಾಕ್ಟರು ಹೊಗಳಿದ್ದು ನನ್ನನ್ನು. ಬೇಡ ಎಂದರೂ ಕೇಳಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಅವರ ಗಂಡ ರಜೆಯ ಮೇಲೆ ಬಂದರು. ಪುಸ್ತಕ ಹಿಂದಿರುಗಿಸಿ ಎರಡು ಮಾತು ಹೇಳಿಬರೋಣವೆಂದು ಮಾಲುವನ್ನು ನಡೆಸಿಕೊಂಡೇ ಹೋದೆ. ಅವರಿಗೆ ಅರಬ್ಬಿ ಚೆನ್ನಾಗಿ ಬರುತ್ತದೆಂದು ಕೇಳಿ, “ಒಮ್ಮೆ ಸರಿಯಾಗಿ ಓದಿ ಹೇಳಿ” ಎಂದೆ. ಜುಲೇಖಾಬಿ ಮೆಲ್ಲಗೆ ನಕ್ಕು, “ನಾನೂ ಚಿತ್ರ ನೋಡೇ ಹೇಳಿದ್ದು. ಅಕ್ಷರ ಓದ್ತೆ, ಅರ್ಥ ಪೂರಾ ಆಗೂದಿಲ್ಲ” ಎಂದರು. ಗಂಡ ಕನ್ನಡಕ ಹಾಕಿಕೊಂಡು, ಪುಟಗಳ ಮೇಲೆ ಕಣ್ಣಾಡಿಸಿ, ಮೊದಲು ಒಟ್ಟು ಕಥೆ ಹೇಳಿದರು. ಮರಿ ದಾರಿ ತಪ್ಪಿರಲೇ ಇಲ್ಲವಂತೆ. ಮುಖ ತೊಳೆಯಲು ಒಪ್ಪದೆ ಮನೆಯಿಂದ ಓಡಿಬಂದಿತ್ತಂತೆ. ಕೆನ್ನೆಯ ಮೇಲಿದ್ದದ್ದು ಕಣ್ಣೀರಲ್ಲ, ಕೊಳೆಯಂತೆ. ಬಾವಿಯ ಹತ್ತಿರ ಎಲ್ಲರೂ ಸೇರಿ ಮರಿಯ ಮುಖ ತೊಳೆಸುತ್ತಾರಂತೆ.

ಆಮೇಲೆ ಅವರು ಒಂದೊಂದೇ ಪುಟ ಓದತೊಡಗಿದಾಗ ಮಾಲು ಎರಡು ಪುಟ ತಾಳ್ಮೆಯಿಂದ ಕೇಳಿದಳು. ಮೂರನೆಯದಕ್ಕೆ ಪುಸ್ತಕವನ್ನು ಅವರ ಕೈಯಿಂದ ತೆಗೆದುಕೊಂಡು, “ಇವರಿಗೆ ಓದೂಕೆ ಬರೂದಿಲ್ಲ” ಎಂದು ತೀರ್ಪು ಕೊಟ್ಟಳು. ಅವರು ಕನ್ನಡಕ ತೆಗೆದು ನಕ್ಕರು. ಮಾಲು ಜುಲೇಖಾಬಿಯ ಮಡಿಲಿಗೆ ಒರಗಿ ಕೂತು, “ನೀವು ಹೇಳಿ” ಎಂದಳು. ನಾನು ಇಂಥ ಹೊತ್ತಿನಲ್ಲಿ ಸುಮ್ಮನಿರಲಾರದ ಹೆಂಗಸು. ನಡುನಡುವೆ ನಾನೂ ನಾಲ್ಕು ಮಾತು ಸೇರಿಸಲೇ ಎಂದು ಕೇಳಿದೆ.

“ಬೇಡ ಆಯಿ. ನೀನು ಪುಸ್ತಕ ಹಿಡ್ಕ, ಸಾಕು” ಎಂದಳು.

ಹಿಡಿದುಕೊಂಡೆ. “ಸ್ವಲ್ಪ ಮೇಲೆ” ಎಂದಳು, ಎತ್ತಿದೆ.