ತೋಟವು ಚಿತ್ರದಂತಿರತಕ್ಕದ್ದು

ಮುಳ್ಳೇರಿಯದ ಸಸ್ಯರೋಗ ಮೂರಾಯಾಮ ಚಿತ್ರಣ ಕೇಂದ್ರವು ಸ್ಥಾಪನೆಯಾದಂದಿನಿಂದ ಒಂದು ಎಲೆಗೂ ಅನ್ಯಾಯ ಮಾಡಿದ್ದಿಲ್ಲ. ಅಲ್ಲಿಗೆ ಬಂದ ಮೊದಲ ಎಲೆ ಸತ್ಯವತಿಯಕ್ಕನದು.

ಸತ್ಯವತಿಯಕ್ಕ ವರ್ಕಾಡಿ ಕಡೆಯವರು. ಗುಡ್ಡದ ಬದಿಯ ಮುರಕಲ್ಲು ಕಡಿಸಿ, ಹೊಂಡಕ್ಕೆ ಮಣ್ಣು ತುಂಬಿಸಿ, ಹಾಲುವಾಣದ ಮರಗಳಿಗೆ ತಾವೇ ಕೈಯಾರೆ ಕಾಳುಮೆಣಸಿನ ಬಳ್ಳಿ ಹಬ್ಬಿಸಿದವರು. ಅವರಿಗೆ ಇದ್ದದ್ದು ಆ ತೋಟ ಒಂದೇ. ಮಳೆಗಾಲ ಮುಗಿಯುವ ಹೊತ್ತಿಗೆ ಕೆಳಬದಿಯ ಬಳ್ಳಿಯ ಎಲೆಯಲ್ಲಿ ಕಪ್ಪು ಚುಕ್ಕೆ ಕಂಡಿತು. ಮೈಲುತುತ್ತು, ಸುಣ್ಣ ತಂದಿಟ್ಟು ಬಳ್ಳಿಗಳಿಗೆ ಸಿಂಪಡಿಸಿ ಮದ್ದು ಬಿಡುವುದೆಂದು ಹೊರಟದ್ದೂ ಆಗಿತ್ತು. ಅಷ್ಟರಲ್ಲಿ ಹೊಸ ಕೇಂದ್ರದ ಪ್ರಕಟಣೆ ಬಂತು: “ರೈತಬಾಂಧವರು ರೋಗವನ್ನು ಊಹಿಸಬಾರದು, ನೋಡಬೇಕು.” ಸರಕಾರವೇ ಇಷ್ಟು ಅಕ್ಕರೆಯಿಂದ ಹೇಳುವಾಗ ಕೇಳದಿರುವುದು ಹೇಗೆ? ಅಕ್ಕ ಎಲೆಯನ್ನು ಬಾಳೆಎಲೆಯಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದರು.

ಕೇಂದ್ರದ ಸೂಕ್ಷ್ಮದರ್ಶಕ ಎಲೆಯನ್ನು ಪದರ ಪದರವಾಗಿ ಚಿತ್ರ ತೆಗೆಯುತ್ತದೆ. ಕಂಪ್ಯೂಟರು ಆ ಪದರಗಳನ್ನು ಹಪ್ಪಳ ಅಡುಕಿದಂತೆ ಒಂದರ ಮೇಲೊಂದು ಪೇರಿಸಿ ಎಲೆಯ ಒಳಗನ್ನು ಗೋಡೆಯಷ್ಟು ದೊಡ್ಡದಾಗಿ ಎಬ್ಬಿಸುತ್ತದೆ. ಕೇಂದ್ರದವರು ಕೊಟ್ಟ ಕನ್ನಡಕ ಹಾಕಿದ್ದೇ ತಡ, ಹಸಿರು ಕೋಣೆಗಳ ನಡುವೆ ಕೆಂಪು ನೂಲುಗಳು ನುಸುಳಿಕೊಂಡು ತಮ್ಮ ಮೂಗಿನ ತನಕ ಬಂದದ್ದು ಕಂಡು ಅಕ್ಕ ಕುರ್ಚಿ ಹಿಂದಕ್ಕೆ ಸರಿಸಿದರು.

“ಇದೇ ಅಕ್ಕ, ಸೊರಗು ರೋಗದ ಶಿಲೀಂಧ್ರ,” ಎಂದಳು ಚಿತ್ರ ಮಾಡಿದ ದೀಪಶ್ರೀ. “ಈಗಲೇ ಮದ್ದು ಬಿಟ್ಟರೆ ಬಾಕಿ ಬಳ್ಳಿಗಳು ಉಳಿಯುತ್ತವೆ.”

“ಹಾಗಾದರೆ ನಾಳೆಯೇ ಬಿಡುತ್ತೇನೆ ಮಗಾ.”

ಕೇಂದ್ರದ ನಿರ್ದೇಶಕ ಹರಿನಾಥರು ಗಂಟಲು ಸರಿಮಾಡಿಕೊಂಡು ಗೋಡೆಯ ಮೇಲಿನ ನಿಯಮವನ್ನು ಓದಿದರು: “ಮಾದರಿ ನೀಡಿದ ತೋಟದಲ್ಲಿ, ಚಿತ್ರವು ಅಂಗೀಕಾರವಾಗಿ ಸ್ಥಳ ತನಿಖೆ ಮುಗಿಯುವ ತನಕ ಮದ್ದು ಬಿಡತಕ್ಕದ್ದಲ್ಲ. ಬಿಟ್ಟಲ್ಲಿ ತೋಟವು ಚಿತ್ರದಂತೆ ಇಲ್ಲದೆ ಹೋಗುವ ಅಪಾಯವಿದೆ.”

“ಅಂಗೀಕಾರ ಅಂದರೆ ಎಂತ ಸರ್?”

“ನನ್ನದೊಂದು ಸಹಿ, ಅಷ್ಟೇ. ಆದರೆ ದೀಪಶ್ರೀ, ಇದೆಂತ, ರೋಗಕ್ಕೆ ಕೆಂಪು ಬಣ್ಣ?”

“ಯಂತ್ರ ತೆಗೆಯುವುದು ಕಪ್ಪುಬಿಳುಪಿನಲ್ಲಿ ಸರ್. ಎಲೆ ಯಾವುದು, ರೋಗ ಯಾವುದು ಅಂತ ಗೊತ್ತಾಗಲಿಕ್ಕೆ ಬಣ್ಣ ನಾವೇ ಕೊಡುವುದು.”

“ನಾವೇ ಕೊಟ್ಟದ್ದಾ!” ಹರಿನಾಥರ ಕೈಯಲ್ಲಿದ್ದ ಪೆನ್ನು ಜೇಬಿಗೆ ಮರಳಿತು. ಪಂಚಾಯತು ಚುನಾವಣೆ ಹತ್ತಿರ ಬಂದಿತ್ತು. ಅವರು ಸರ್ವಪಕ್ಷ ಸಭೆ ಕರೆದರು.

ಸಭೆಯಲ್ಲಿ ಚಹಾ, ಬಾಳೆಹಣ್ಣಿನ ಪೋಡಿ ಇತ್ತು. ಫಲಾನುಭವಿ ಎಂಬ ನೆಲೆಯಲ್ಲಿ ಸತ್ಯವತಿಯಕ್ಕನಿಗೂ ಒಂದು ಕುರ್ಚಿ ಸಿಕ್ಕಿತು. ಕೆಂಪು ಬಾವುಟದವರು ಕನ್ನಡಕ ಹಾಕಿದವರೇ ತೆಗೆದು ಮೇಜಿನ ಮೇಲಿಟ್ಟು, ರೋಗವೆಂದರೆ ಕೆಂಪು ಎಂದು ತೀರ್ಮಾನಿಸಿದ್ದು ಯಾರು ಎಂದು ಕೇಳಿದರು. ದೀಪಶ್ರೀ ಶಿಲೀಂಧ್ರವನ್ನು ಹಸಿರು ಮಾಡಿದಳು. ಹಸಿರು ಬಾವುಟದವರು ಅರ್ಧ ತಿಂದ ಪೋಡಿಯನ್ನು ಕೆಳಗಿಟ್ಟರು. ಕೇಸರಿ ಮಾಡಿದಾಗ ಮೂರನೆಯವರು ಎದ್ದೇ ನಿಂತರು. ನೀಲಿ ಮಾಡಿದರೆ, ಅದು ತನ್ನ ಪೋಸ್ಟರಿನ ಬಣ್ಣವೆಂದು ಸ್ವತಂತ್ರ ಅಭ್ಯರ್ಥಿ ಜಯಂತ್ ಕೈಮುಗಿದು ನೆನಪಿಸಿದರು.

“ಕಪ್ಪು ಆಗಲಿಕ್ಕಿಲ್ಲವಾ?” ಅಕ್ಕ ಕೇಳಿದರು. “ಚುಕ್ಕೆ ಇರುವುದೇ ಕಪ್ಪು.”

“ಕಪ್ಪು ಬಾವುಟ ತೋರಿಸುವುದು ಮಂತ್ರಿಗಳಿಗೆ ಅಕ್ಕ,” ಎಂದರು ಹರಿನಾಥರು. “ನಮ್ಮ ಉದ್ಘಾಟನೆಗೆ ಬರುವವರು ಅವರೇ ಮಾರಾಯ್ರೆ.”

ಕೊನೆಗೆ ಶಿಲೀಂಧ್ರವನ್ನು ಪಾರದರ್ಶಕವಾಗಿ ತೋರಿಸುವುದೆಂದು ತೀರ್ಮಾನವಾಯಿತು. ಹಾಗಾದರೆ ಎಲೆ ಮಾತ್ರ ಹಸಿರಾಗಿ ಉಳಿಯುವುದು ಪಕ್ಷಪಾತವಲ್ಲವೇ ಎಂಬ ಪ್ರಶ್ನೆ ಎದ್ದು, ಎಲೆಗೆ ಸರ್ವಾನುಮತದಿಂದ ಬೂದಿ ಬಣ್ಣ ನೀಡಲಾಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಹರಿನಾಥರು ಸಹಿ ಹಾಕಿ ವರದಿ ಬರೆಸಿದರು: “ಚಿತ್ರದಲ್ಲಿ ರೋಗ ಕಂಡುಬಂದಿಲ್ಲ.”

“ಸರ್, ರೋಗ ಅಲ್ಲೇ ಉಂಟು. ಕಾಣದ ಹಾಗೆ ಮಾಡಿದ್ದು ನಾವು,” ಎಂದಳು ದೀಪಶ್ರೀ.

“ನಮ್ಮದು ಚಿತ್ರಣ ಕೇಂದ್ರ ಅಲ್ವಾ? ಕಾಣದ್ದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ.”

ಸ್ಥಳ ತನಿಖೆ ಚುನಾವಣೆ ಕಳೆದ ಮೇಲೆ ಎಂದಾಯಿತು. ಅಲ್ಲಿಯವರೆಗೆ ಸತ್ಯವತಿಯಕ್ಕ ದಿನಾ ಬೆಳಿಗ್ಗೆ ತೋಟಕ್ಕೆ ಹೋಗಿ ಒಂದೊಂದು ಬಳ್ಳಿಯೂ ತಲೆ ಬಾಗಿಸುವುದನ್ನು ನೋಡಿ ಬರುತ್ತಿದ್ದರು. ಮೈಲುತುತ್ತಿನ ಕಟ್ಟು ಜಗಲಿಯ ಮೂಲೆಯಲ್ಲೇ ಇತ್ತು. ಎರಡು ಸಲ ಅದನ್ನು ಬಿಚ್ಚಿ, ನಿಯಮ ನೆನಪಾಗಿ ಮತ್ತೆ ಕಟ್ಟಿದರು.

ತನಿಖೆಗೆ ಸರ್ವಪಕ್ಷದವರೂ ಜೀಪಿನಲ್ಲಿ ಬಂದರು. ಬಳ್ಳಿಗಳೆಲ್ಲ ಒಣಗಿ, ಉದುರದೆ ಉಳಿದ ಎಲೆಗಳು ಬೂದಿ ಬಣ್ಣಕ್ಕೆ ತಿರುಗಿದ್ದವು. ಹರಿನಾಥರು ಚಿತ್ರವನ್ನೊಮ್ಮೆ, ತೋಟವನ್ನೊಮ್ಮೆ ನೋಡಿದರು. ಅವರ ಕಣ್ಣು ತುಂಬಿ ಬಂತು.

“ಎಂಥ ತಾಳೆ! ಒಂದು ಎಲೆಯೂ ವ್ಯತ್ಯಾಸ ಇಲ್ಲ.”

ಯಾರ ಬಣ್ಣವೂ ಎಲ್ಲಿಯೂ ಇಲ್ಲದ್ದರಿಂದ ಪ್ರತಿನಿಧಿಗಳೂ ತೃಪ್ತಿಯಿಂದ ತಲೆಯಾಡಿಸಿದರು. ದೀಪಶ್ರೀ ಮಾತ್ರ ನೆಲ ನೋಡುತ್ತಿದ್ದಳು.

“ಇನ್ನು ಮದ್ದು ಬಿಡಬಹುದಾ ಸರ್?” ಅಕ್ಕ ಕೇಳಿದರು.

“ಧಾರಾಳವಾಗಿ ಬಿಡಿ ಅಕ್ಕ.”

ಅಕ್ಕ ಕಟ್ಟು ಬಿಚ್ಚಿ, ಮೈಲುತುತ್ತು ಸುಣ್ಣ ಕದಡಿ, ಬುಡದಿಂದ ತುದಿಯವರೆಗೆ ಸತ್ತ ಬಳ್ಳಿಗಳಿಗೆ ಒಂದನ್ನೂ ಬಿಡದೆ ಮದ್ದು ಬಿಟ್ಟರು. ದೀಪಶ್ರೀ ಪೈಪು ಹಿಡಿದಳು. ಮೈಲುತುತ್ತಿನ ಬಣ್ಣಕ್ಕೆ ಇಡೀ ತೋಟ ನೀಲಿಯಾಯಿತು. ಆ ಹೊತ್ತಿಗೆ ಗೆದ್ದು ಮೆಂಬರಾಗಿದ್ದ ಜಯಂತ್ ಮುಂದೆ ಬಂದು ಅಕ್ಕನಿಗೆ ಕೈಮುಗಿದು ಧನ್ಯವಾದ ಹೇಳಿದರು. ಹಾಗಿದ್ದರೆ ಮದ್ದಿನ ಬಣ್ಣವನ್ನೂ ಮುಂದಿನ ಸರ್ವಪಕ್ಷ ಸಭೆಯಲ್ಲಿ ಚರ್ಚಿಸಬೇಕೆಂದು ಉಳಿದವರು ಕೇಳಿಕೊಂಡರು.

ಸತ್ಯವತಿಯಕ್ಕ ಕೈ ತೊಳೆದುಕೊಂಡು, ಆಗಲಿ, ಸಭೆಗೆ ಬರುತ್ತೇನೆ ಎಂದರು.