ಮಲ್ಲೇಶನ ಒಂಟಿ ಸೀನು

ಹೆಣ್ಣು ನೋಡಲು ಹೊರಡುವ ದಿನವೇ ಮಲ್ಲೇಶನಿಗೆ ಬಿಕ್ಕಳಿಕೆ ಹತ್ತಿಕೊಂಡಿತು. ಗಡಿಬಿಡಿಯಲ್ಲಿ ನುಂಗಿದ ಬಿಸಿ ಕಡುಬೇ ಕಾರಣ. ಕಳಸದ ಪೇಟೆಯಲ್ಲಿ ಕಾಳುಮೆಣಸಿನ ವ್ಯಾಪಾರ ಮಾಡುವ ಅವನಿಗೆ ಮೂವತ್ತಾರು ತುಂಬಿತ್ತು. ಇದು ಏಳನೆಯ ಸಂಬಂಧ. ಇದೂ ತಪ್ಪಿದರೆ ಎಂಟನೆಯದನ್ನು ತರುವವರು ಯಾರೂ ಉಳಿದಿರಲಿಲ್ಲ.

ತಾಯಿ ಸರೋಜಮ್ಮ ಸಕ್ಕರೆ ತಿನ್ನಿಸಿದರು, ಏಳು ಗುಟುಕು ನೀರು ಕುಡಿಸಿದರು. ಪಕ್ಕದಂಗಡಿಯ ಉಮೇಶ್ ಹಿಂದಿನಿಂದ ಬಂದು "ಹಾವು!" ಎಂದು ಕೂಗಿದ. ಮಲ್ಲೇಶ ಹಾರಿ ಬಿದ್ದನೇ ಹೊರತು ಬಿಕ್ಕಳಿಕೆ ಜಗ್ಗಲಿಲ್ಲ.

"ಯಾರೋ ನೆನೆಸ್ತಾ ಇದ್ದಾರೆ ಮಗಾ," ಸರೋಜಮ್ಮನಿಗೆ ಹೆದರಿಕೆ ಶುರುವಾಯಿತು. "ಹೆಣ್ಣಿನ ಅಜ್ಜಿ ದೇವೀರಮ್ಮ ಸುಮ್ನೆ ಬಿಡೋರಲ್ಲ. ಯಾವಳು ಅಂತ ಕೇಳ್ತಾರೆ."

"ಯಾರೂ... ಬಿಕ್... ಇಲ್ಲಮ್ಮಾ!"

ಸಂಬಂಧ ತಂದಿದ್ದ ನಿವೃತ್ತ ಮೇಷ್ಟ್ರು ಷಡಕ್ಷರಿ ಮಾತ್ರ ಖುಷಿಯಾದರು. ಅವರು ಇತ್ತೀಚೆಗೆ ಪುರಾತನ ಗ್ರೀಕ್ ವೈದ್ಯರ ಬರಹಗಳನ್ನು ಓದುತ್ತಿದ್ದರು. ಓದಿದ್ದನ್ನು ಊರವರ ಮೇಲೆ ಪ್ರಯೋಗಿಸುತ್ತಿದ್ದರು.

"ಸೀನು ಬಂದ್ರೆ ಬಿಕ್ಕಳಿಕೆ ಹೋಗ್ತದೆ ಮಾರಾಯ. ಎರಡು ಸಾವಿರದ ಚಿಲ್ಲರೆ ವರ್ಷದ ಹಿಂದೆಯೇ ಗ್ರೀಕರು ಬರೆದಿಟ್ಟಿದ್ದಾರೆ. ಒಂದು ಚಿಟಿಕೆ ಮೆಣಸಿನ ಪುಡಿ ಮೂಗಿಗೇರಿಸು."

ಹದಿನೈದು ವರ್ಷ ಮೆಣಸಿನ ಧೂಳು ಕುಡಿದ ಮೂಗು ಅದು, ಒಂದು ಚಿಟಿಕೆಗೆ ಬಗ್ಗೀತೇ? ಹೆಣ್ಣಿನ ಊರು ಸಂಸೆ ಮುಟ್ಟುವಷ್ಟರಲ್ಲಿ ಜೀಪಿನಲ್ಲಿದ್ದವರೆಲ್ಲ ಸೀನಿದರು, ಮಲ್ಲೇಶನೊಬ್ಬನನ್ನು ಬಿಟ್ಟು.

ಹೆಣ್ಣಿನ ಮನೆಯಲ್ಲಿ ಅವನು ಬಿಕ್ಕಳಿಕೆ ಬಂದಾಗಲೆಲ್ಲ ಒಂದೊಂದು ಕೋಡುಬಳೆ ಬಾಯಿಗೆ ತುರುಕಿಕೊಂಡ. ಗಂಡು ಚೆನ್ನಾಗಿ ತಿನ್ನುತ್ತಾನೆಂದು ದೇವೀರಮ್ಮನಿಗೆ ಸಂತೋಷವಾಯಿತು. ತಾಂಬೂಲದ ತಟ್ಟೆ ಎತ್ತಿಕೊಂಡು, "ನಮಗೆ ಒಪ್ಪಿಗೆ..." ಎಂದರು.

"ಆಕ್ಷೀ!"

ತಟ್ಟೆ ಕೆಳಗಿಳಿಯಿತು. "ಒಂಟಿ ಸೀನು!"

ಇನ್ನೊಂದು ಬಂದರೆ ದೋಷವಿಲ್ಲ. ಎಲ್ಲರೂ ಉಸಿರು ಬಿಗಿಹಿಡಿದು ಮಲ್ಲೇಶನ ಮೂಗನ್ನೇ ನೋಡಿದರು. ಅದು ತಣ್ಣಗೆ ಕೂತಿತ್ತು.

"ಅಪಶಕುನ ಅಲ್ಲ ಅಮ್ಮಾ, ಅದು ಔಷಧಿ!" ಮೇಷ್ಟ್ರು ಎದ್ದು ನಿಂತರು. "ಬೆಳಿಗ್ಗೆಯಿಂದ ಇವನಿಗೆ ಒಂದೇ ಸಮ ಬಿಕ್ಕಳಿಕೆ. ಈಗ ನೋಡಿ, ನಿಂತೇ ಹೋಯ್ತು!"

ಸರೋಜಮ್ಮ ಹಣೆ ಚಚ್ಚಿಕೊಂಡರು.

"ಬೆಳಿಗ್ಗೆಯಿಂದಲಾ?" ದೇವೀರಮ್ಮ ಕಣ್ಣು ಕಿರಿದು ಮಾಡಿದರು. "ಅಷ್ಟು ಹೊತ್ತು ಇವ್ರನ್ನ ನೆನೆಸಿದವಳು ಯಾರು?"

"ನಾನೇ ಅಜ್ಜಿ," ಬಾಗಿಲ ಬಳಿ ನಿಂತಿದ್ದ ಹೆಣ್ಣು ಕೃತಿಕಾ ಹೇಳಿದಳು.

ಮಲ್ಲೇಶನ ಎದೆ ಹಿಗ್ಗಿತು. ಅಜ್ಜಿಯ ಮುಖ ಅರಳಿ, ಕೈ ಮತ್ತೆ ತಟ್ಟೆಯತ್ತ ಹೋಯಿತು. "ಹೌದಾ ಮಗಾ? ಎಂತ ನೆನೆಸಿದ್ದು?"

"ಇವ್ರನ್ನ ಬೇಡ ಅಂತ ನಿಮಗೆ ಹ್ಯಾಗೆ ಹೇಳೋದು ಅಂತ."

ವಾಪಸು ಜೀಪಿನಲ್ಲಿ ಮೇಷ್ಟ್ರು, "ಏನೇ ಹೇಳು, ಬಿಕ್ಕಳಿಕೆ ನಿಂತಿತಲ್ಲ ಮಾರಾಯ," ಎಂದರು.

ನಿಂತಿತ್ತು. ಒಂದು ಬಿಕ್ಕಳಿಕೆಯಾದರೂ ಬರಲಿ ಎಂದು ಮಲ್ಲೇಶ ಕಳಸದವರೆಗೂ ಕಾಯುತ್ತ ಕುಳಿತಿದ್ದ. ಬರಲಿಲ್ಲ.