ಕನ್ನಡಕದ ರಾಯರ ಕಿವಿ ಪರೀಕ್ಷೆ

ಕನ್ನಡಕದ ರಾಯರ ಮನೆಗೆ ಆ ಪೆಟ್ಟಿಗೆ ಬಂದ ದಿನ, ಅವರ ಅಂಗಡಿಯಲ್ಲಿ ಮೂವರು ಗಿರಾಕಿಗಳು ಒಂದೊಂದು ಕಣ್ಣು ಮುಚ್ಚಿಕೊಂಡು ಕುಳಿತಿದ್ದರು. "ಐದೇ ನಿಮಿಷ, ಹಾಗೇ ಮುಚ್ಕೊಂಡಿರಿ" ಎಂದು ಮನೆಗೆ ಓಡಿದ ರಾಯರು ಮತ್ತೆ ಅಂಗಡಿಗೆ ಕಾಲಿಟ್ಟದ್ದು ಮರುದಿನ. (ಅಷ್ಟರಲ್ಲಿ ಮೂವರೂ ಎರಡೂ ಕಣ್ಣು ತೆರೆದುಕೊಂಡು ಎದುರಿನ ಅಂಗಡಿಗೆ ಹೋಗಿದ್ದರು, ಆ ಮಾತು ಬಿಡಿ.)

ಪೆಟ್ಟಿಗೆಯಲ್ಲಿದ್ದದ್ದು ಒಂದು ಹೆಡ್‌ಫೋನು. ಬರೀ ಹೆಡ್‌ಫೋನು ಎಂದರೆ ರಾಯರಿಗೆ ಸಿಟ್ಟು ಬರುತ್ತದೆ. ಅದು ರಾಯರ ಆರು ವರ್ಷದ ತಪಸ್ಸಿನ ಫಲ. ಸಂಗೀತ ಕೇಳುವ ಸಲಕರಣೆಗಳಿಗೆಂದೇ ಬರುವ ಒಂದು ಮಾಸಪತ್ರಿಕೆಗೆ ಅವರು ಈವರೆಗೆ ನಲವತ್ತೊಂದು ಪತ್ರ ಬರೆದಿದ್ದರು. ಎಲ್ಲದರ ಸಾರಾಂಶವೂ ಒಂದೇ: ನಿಮ್ಮ ವಿಮರ್ಶಕರಿಗೆ ಕಿವಿಯಿಲ್ಲ. ಕಡೆಗೆ ಸಂಪಾದಕರೇ ಸೋತು ಉತ್ತರ ಬರೆದರು. "ಹೆಡ್‌ಫೋನು ಕಳಿಸಿದ್ದೇನೆ. ಒಂದು ವಾರ ಪರೀಕ್ಷಿಸಿ. ಭಾನುವಾರ ನಾನೇ ಬಂದು ನಿಮ್ಮ ಕಿವಿಯನ್ನು ನೋಡುತ್ತೇನೆ. ಒಪ್ಪಿಗೆಯಾದರೆ ಪ್ರತಿ ತಿಂಗಳ ಅಂಕಣ ನಿಮ್ಮದು."

ಆ ಕಾಗದವನ್ನು ರಾಯರು ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರು. ನೆಂಟರಿಗೆಲ್ಲ ಫೋನು ಮಾಡಿ, ತಾವು ಅಂಕಣಕಾರರಾಗಿಯೇಬಿಟ್ಟ ಹಾಗೆ ಹೇಳಿಬಿಟ್ಟರು. ಇನ್ನು ಹಿಂದೆ ಸರಿದರೆ ಮಾನ ಮೂರು ಕಾಸು.

"ಇದ್ಯಾಕ್ರೀ ಹಿಂದುಗಡೆ ಹೀಗೆ ತೂತು ತೂತು? ಜರಡಿ ಇದ್ದಂಗಿದೆ!" ಹೆಂಡತಿ ಅದನ್ನು ತಿರುಗಿಸಿ ನೋಡಿ ಕೇಳಿದರು.

"ತೂತಲ್ವೇ, ಜಾಲರಿ! ಬೆನ್ನು ತೆರೆದಿರೋ ಹೆಡ್‌ಫೋನು ಇದು. ಮಾಮೂಲಿನದರಲ್ಲಿ ದನಿ ಡಬ್ಬಿಯೊಳಗೆ ಕೂತು ಗುಂಯ್ ಅನ್ನುತ್ತೆ. ಇದರಲ್ಲಿ ಉಸಿರಾಡುತ್ತೆ. ಹಾಡು ತಲೆಯೊಳಗಲ್ಲ, ಸುತ್ತಮುತ್ತ ನಡೆದ ಹಾಗಿರುತ್ತೆ."

"ಅದು ಉಸಿರು ಬಿಟ್ರೆ ನಮ್ಮ ಕಿವಿಗೆ ಬರುತ್ತಲ್ಲ?"

"ಬರುತ್ತೆ. ಹೊರಗಿನ ಸದ್ದೂ ಒಳಗೆ ಬರುತ್ತೆ. ಅದೇ ಅದರ ವೈಭವ!"

"ಬಾಗಿಲು ಹಾಕದ ಬಚ್ಚಲಮನೆಗೂ ವೈಭವ ಅಂತಲೇ ಅಂತೀರಾ?" ಎಂದು ಹೆಂಡತಿ ಎದ್ದು ಹೋದರು.

ಆ ವಾರ ಮನೆಯಲ್ಲಿ ಯಾರೂ ನೆಮ್ಮದಿಯಾಗಿ ಕೂರಲಿಲ್ಲ. ಮೊದಲು ಗಟ್ಟಿತನದ ಪರೀಕ್ಷೆ. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ತಲೆಯ ಪಟ್ಟಿಯನ್ನು ಮುನ್ನೂರು ಸಲ ಅಗಲಿಸಿ, ಕಿವಿಯ ಮೆತ್ತೆಗಳನ್ನು ಕೆನ್ನೆಗೆ ಒತ್ತಿಕೊಂಡು "ಆಹಾ!" ಎಂದರು. ಕನ್ನಡಕ ಹಾಕುವವರಿಗೆ ಹೆಡ್‌ಫೋನು ಒತ್ತುತ್ತದೆಂದು ಯಾವ ವಿಮರ್ಶಕನೂ ಬರೆದಿಲ್ಲವೆಂಬುದು ಅವರ ಹಳೆಯ ದೂರು. ಅದಕ್ಕೇ ಅಂಗಡಿಯಿಂದ ಹದಿನೆಂಟು ಚೌಕಟ್ಟು ತಂದು, ಒಂದೊಂದನ್ನೂ ಹಾಕಿಕೊಂಡು, ಮೇಲೆ ಹೆಡ್‌ಫೋನು ಏರಿಸಿ, ಕಿವಿ ಎಷ್ಟು ಕೆಂಪಾಯಿತೆಂದು ಕನ್ನಡಿಯಲ್ಲಿ ನೋಡಿ ಬರೆದುಕೊಂಡರು. ಹಾಲಿನವನು ಬಾಗಿಲು ಬಡಿದಾಗ ಅವರ ಮುಖದ ಮೇಲೆ ಹದಿಮೂರನೆಯದು ಇತ್ತು. ಬೆಕ್ಕಿನ ಕಣ್ಣಿನಾಕಾರದ, ಹೆಂಗಸರ ಚೌಕಟ್ಟು. ಹಾಲಿನವನು ಏನೂ ಕೇಳಲಿಲ್ಲ, ಆದರೆ ಮರುದಿನದಿಂದ ಹಾಲನ್ನು ಗೇಟಿನಲ್ಲೇ ಇಟ್ಟು ಹೋಗತೊಡಗಿದ.

ಆಮೇಲೆ ಧ್ವನಿ ಪರೀಕ್ಷೆ. ಇಪ್ಪತ್ತು ವರ್ಷ ಜನರ ಮೂಗಿನ ಮೇಲೆ ಗಾಜು ಬದಲಿಸಿದ ಅಭ್ಯಾಸ ಹೋಗುತ್ತದೆಯೇ? ಹೆಂಡತಿಯ ತಲೆಗೆ ಹಳೆಯ ಹೆಡ್‌ಫೋನು ಹಾಕುವುದು, ತೆಗೆಯುವುದು, ಹೊಸದು ಹಾಕುವುದು. "ಇದು ಸ್ಪಷ್ಟವಾಗಿದೆಯಾ, ಅದಾ? ಇದಾ, ಅದಾ?"

"ಎರಡರಲ್ಲೂ ಒಲೆ ಮೇಲಿನ ಹಾಲು ಉಕ್ಕೋದು ಸ್ಪಷ್ಟವಾಗಿ ಕೇಳ್ತಿದೆ, ಬಿಡ್ರೀ ನನ್ನ!"

ಮನೆಯಲ್ಲಿ ಪರೀಕ್ಷೆಗೆ ಸಿಗದೆ ತಪ್ಪಿಸಿಕೊಂಡವರು ಅತ್ತೆ ಒಬ್ಬರೇ. ಮಗಳ ಮನೆಗೆ ತಿಂಗಳ ಮಟ್ಟಿಗೆ ಬಂದಿದ್ದರು. ಹದಿನೇಳನೆಯ ವಯಸ್ಸಿನಲ್ಲಿ ಹಾಡಿ ಬೆಳ್ಳಿ ಬಟ್ಟಲು ಗೆದ್ದ ಕಂಠ ಅವರದು. ಆ ಬಟ್ಟಲಿನ ಸುದ್ದಿ ಬಾರದೆ ಮನೆಯಲ್ಲಿ ಒಂದು ಊಟವೂ ಮುಗಿಯುತ್ತಿರಲಿಲ್ಲ. ಅತ್ತೆಗೆ ರಾಯರು ಹೆದರುತ್ತಿದ್ದರೇ? ಇಲ್ಲ, ಇಲ್ಲ. ಅವರು ಕೂತ ಕೋಣೆಯಲ್ಲಿ ತಾವು ಕೂರುತ್ತಿರಲಿಲ್ಲ, ಅಷ್ಟೆ.

ಭಾನುವಾರ ಬಂತು. ರಾಯರಿಗೆ ಬೆಳಗಿನಿಂದ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಸಂಪಾದಕರು ಬರಲು ಇನ್ನೂ ಸಮಯವಿದೆಯೆಂದು ಕೊನೆಯ ತಪಾಸಣೆಗೆ ಕೂತರು. ಆ ಹೆಡ್‌ಫೋನಿನ ತಂತಿ ಎರಡೂ ಕಿವಿಯ ಬಟ್ಟಲುಗಳಿಂದ ಕಳಚಿ ಬರುವಂಥದು. ತಂತಿ ಕಿತ್ತು, ಅದರ ತುದಿಗಳನ್ನು ಭೂತಗನ್ನಡಿಯಲ್ಲಿ ನೋಡುತ್ತಿದ್ದಾಗಲೇ ಕರೆಗಂಟೆ ಬಾರಿಸಿತು. ಭೂತಗನ್ನಡಿ ಒಂದು ಕಡೆ, ತಂತಿ ಒಂದು ಕಡೆ, ರಾಯರು ಬಾಗಿಲ ಕಡೆ!

ಸಂಪಾದಕರು ಉದ್ದನೆಯ, ತೆಳ್ಳನೆಯ, ಮಾತನ್ನು ಅಳೆದು ಆಡುವ ಮನುಷ್ಯ. ಕಾಫಿಯಾಯಿತು. ಜೇಬಿನಿಂದ ಒಂದು ಪುಟ್ಟ ಸಂಗೀತಯಂತ್ರ ತೆಗೆದರು. "ಇದರಲ್ಲಿ ನೀವು ಯಾವತ್ತೂ ಕೇಳದ ಒಂದು ಧ್ವನಿಮುದ್ರಣ ಇದೆ. ಕಣ್ಣು ಮುಚ್ಚಿ ಕೇಳ್ತಾ ಹೋಗಿ, ಅನ್ನಿಸಿದ್ದು ಹೇಳ್ತಾ ಹೋಗಿ. ನಾನು ಬರ್ಕೊಳ್ತೀನಿ. ದಾಕ್ಷಿಣ್ಯ ಬೇಡ."

ರಾಯರು ತಂತಿಯ ಒಂದು ತುದಿಯನ್ನು ಯಂತ್ರಕ್ಕೆ ಸಿಕ್ಕಿಸಿ, ಹೆಡ್‌ಫೋನನ್ನು ಕಿರೀಟದಂತೆ ಧರಿಸಿ, ಸೋಫಾದಲ್ಲಿ ಒರಗಿ ಕಣ್ಣು ಮುಚ್ಚಿದರು. ತಂತಿಯ ಉಳಿದೆರಡು ತುದಿಗಳು ದಿಂಬಿನ ಅಡಿಯಲ್ಲಿ ಸುಖವಾಗಿ ಮಲಗಿದ್ದವು. ಸಂಪಾದಕರು ಗುಂಡಿ ಒತ್ತಿದರು.

"ಆಹಾ!" ಎಂದರು ರಾಯರು. "ಮೊದಲು ನಿಶ್ಶಬ್ದ. ಎಂಥ ನಿಶ್ಶಬ್ದ ಸರ್! ಅಗ್ಗದ ಹೆಡ್‌ಫೋನಿಗೆ ಇಷ್ಟು ಹೊತ್ತು ಸುಮ್ಮನಿರೋ ಧೈರ್ಯ ಇರಲ್ಲ."

ಸಂಪಾದಕರ ಹುಬ್ಬು ಮೇಲೇರಿತು. ಅವರು ಹಾಕಿದ್ದು ನಲವತ್ತು ವಾದ್ಯಗಳು ಒಟ್ಟಿಗೇ ಮೊಳಗುವ ಸಂಗೀತ.

"ಈಗ ನೀರು ಬೀಳೋ ಸದ್ದು. ಬಲಗಡೆ, ಸ್ವಲ್ಪ ಹಿಂದೆ. ಆಮೇಲೆ ಲೋಹದ ತಾಳವಾದ್ಯ... ಯಾರೋ ಉಜ್ಜಿ ನುಡಿಸ್ತಿದಾರೆ. ಹೊಸ ಪ್ರಯೋಗ! ಹಾಂ, ಹಾಡು ಶುರುವಾಯ್ತು, ಹೆಂಗಸಿನ ದನಿ. ಪಕ್ಕದ ಕೋಣೆಯಲ್ಲೇ ನಿಂತು ಹಾಡಿದ ಹಾಗಿದೆಯಲ್ಲ ಸರ್!"

ಅಡುಗೆಮನೆಯಲ್ಲಿ ಅತ್ತೆ ಪಾತ್ರೆ ತಿಕ್ಕುತ್ತಾ ಹಳೆಯ ಜೋಗುಳವೊಂದನ್ನು ಹಾಡಿಕೊಳ್ಳುತ್ತಿದ್ದರು.

ಪಕ್ಕದಲ್ಲಿ ನಿಂತಿದ್ದ ಹೆಂಡತಿಗೆ ಅನುಮಾನ ಬಂತು. ವಾರವಿಡೀ ಮನೆಯನ್ನೆಲ್ಲ ಎಬ್ಬಿಸಿದ ಜಾಲರಿ ಇವತ್ತು ತುಟಿ ಬಿಚ್ಚುತ್ತಿಲ್ಲವಲ್ಲ! ಬಗ್ಗಿ ನೋಡಿದರು. ದಿಂಬಿನಡಿಯ ತಂತಿ ಕಂಡಿತು. ಮೆಲ್ಲಗೆ ಕೆಮ್ಮಿದರು.

"ಕೆಮ್ಮು!" ಎಂದು ರಾಯರು ಕುಣಿಯುವುದೊಂದು ಬಾಕಿ. "ಸಭೆಯಲ್ಲಿ ಯಾರೋ ಕೆಮ್ಮಿದರು! ನೇರ ಮುದ್ರಣ ಸರ್ ಇದು. ಎರಡನೇ ಸಾಲು, ಎಡಗಡೆ. ಶೀತವಲ್ಲ, ಬರೀ ಬಿಂಕದ ಕೆಮ್ಮು."

"ರೀ..." ಎಂದರು ಹೆಂಡತಿ ಹಲ್ಲು ಕಚ್ಚಿ.

"ಶ್!" ರಾಯರು ಕೈಯೆತ್ತಿದರು. "ಗಾಯಕಿಯ ವಿಷಯಕ್ಕೆ ಬರೋಣ. ದಾಕ್ಷಿಣ್ಯ ಬೇಡ ಅಂದಿದೀರಿ, ಹೇಳ್ತೀನಿ. ವಯಸ್ಸಾಗಿದೆ. ಮೇಲಿನ ಸ್ವರಕ್ಕೆ ಹತ್ತುವಾಗ ಏದುಸಿರು, ಇಳಿಯುವಾಗ ಶ್ರುತಿ ಜಾರುತ್ತೆ. ಆದ್ರೆ ತಮ್ಮ ದನಿ ಬಗ್ಗೆ ಹೆಮ್ಮೆ ಮಾತ್ರ ಬೆಟ್ಟದಷ್ಟು. ಚಿಕ್ಕಂದಿನಲ್ಲಿ ಯಾರೋ ಬಹುಮಾನ ಕೊಟ್ಟು ಕೆಡಿಸಿರಬೇಕು."

ಜೋಗುಳ ನಿಂತಿತು. ಪಾತ್ರೆಯೂ ನಿಂತಿತು.

"ಅರೆ, ನಡುವೆಯೇ ನಿಲ್ಲಿಸಿಬಿಟ್ರು. ಈಗ ಹೆಜ್ಜೆ ಸದ್ದು... ಹತ್ತಿರ ಬರ್ತಿದೆ... ಎಂಥ ಸಹಜತೆ ಸರ್! ಮೈಮೇಲೇ ಬಂದು ನಿಂತ ಹಾಗಿದೆ, ಉಸಿರು ಕೂಡ ಕೇಳಿಸ್ತಿದೆ, ಸಿಟ್ಟಿನ ಉಸಿರು..."

ರಾಯರು ಆನಂದದಿಂದ ಕಣ್ಣು ತೆರೆದರು. ಎದುರಿಗೆ ಅತ್ತೆ. ಕೈಯಲ್ಲಿ ಸೋಪು ಸುರಿಯುವ ಬಾಣಲೆ.

ಹೆಂಡತಿ ದಿಂಬಿನಡಿಯಿಂದ ತಂತಿಯನ್ನೆತ್ತಿ ತೋರಿಸಿದರು. ರಾಯರಿಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಭೂಮಿ ಬಿಡಲಿಲ್ಲ. ಸಂಪಾದಕರು ಬಿಟ್ಟರು.

"ತಂತಿ ಮರೆತದ್ದು ದೊಡ್ಡ ವಿಷಯ ಅಲ್ಲ. ದನಿ ಎಲ್ಲಿಂದ ಬರ್ತಿದೆ ಅಂತ ಸರಿಯಾಗೇ ಹೇಳಿದ್ರಿ. ಅದಕ್ಕಿಂತ ಹೆಚ್ಚಾಗಿ, ಇಷ್ಟು ನಿಷ್ಠುರವಾಗಿ ಮಾತಾಡೋ ವಿಮರ್ಶಕರು ನಮ್ಮಲ್ಲಿ ಇಲ್ಲವೇ ಇಲ್ಲ. ಒಂದೇ ಪ್ರಶ್ನೆ. ಹೇಳಿದ ಮಾತಿಗೆ ನಿಲ್ತೀರಾ? ನಿಂತರೆ ಅಂಕಣ ನಿಮ್ಮದೇ."

"ನಾನೂ ಅದನ್ನೇ ಕೇಳೋಣ ಅಂತ ಬಂದೆ," ಎಂದರು ಅತ್ತೆ. "ಹೇಳಿ ಅಳಿಯಂದ್ರೇ. ನನ್ನ ಶ್ರುತಿ ಜಾರುತ್ತಾ?"

ಅತ್ತ ದರಿ, ಇತ್ತ ಪುಲಿ. ಆರು ವರ್ಷದ ತಪಸ್ಸು ಒಂದು ಕಡೆ, ಬಾಣಲೆ ಇನ್ನೊಂದು ಕಡೆ. ರಾಯರು ಗೋಡೆಯ ಮೇಲಿನ ಕಾಗದ ನೋಡಿದರು, ಹೆಂಡತಿಯ ಮುಖ ನೋಡಿದರು, ಬಾಣಲೆ ನೋಡಿದರು. ಇನ್ನೂ ಮೂರು ವಾರ ಅತ್ತೆಯ ಜೊತೆ ಇದೇ ಮನೆಯಲ್ಲಿ ಉಣ್ಣಬೇಕು.

"ಎಲ್ಲಾದರೂ ಉಂಟೇ ಅತ್ತೆ! ನಿಮ್ಮ ಶ್ರುತಿ ಅಪರಂಜಿ. ಜಾರಿದ್ದು ಹೆಡ್‌ಫೋನು."

ಸಂಪಾದಕರು ನಿಟ್ಟುಸಿರು ಬಿಟ್ಟು ಪೆನ್ನಿಗೆ ಮುಚ್ಚಳ ಹಾಕಿದರು.

"ಹೆಡ್‌ಫೋನಾ? ಕೊಡಿ ಇಲ್ಲಿ," ಎಂದು ಅತ್ತೆ ಬಾಣಲೆಯನ್ನು ಅಳಿಯನ ಕೈಗಿತ್ತು, ಹೆಡ್‌ಫೋನನ್ನು ಕಿತ್ತು ತಲೆಗೇರಿಸಿಕೊಂಡರು. ಮಗಳು ತಂತಿ ಸಿಕ್ಕಿಸಿದರು. ನಲವತ್ತು ವಾದ್ಯಗಳೂ ಮನೆಯೆಲ್ಲ ಮೊಳಗಿದವು. ಎರಡು ನಿಮಿಷ ಅತ್ತೆ ಕತ್ತು ಓರೆ ಮಾಡಿ ಕೇಳಿದರು.

"ಮೆತ್ತೆ ಚೆನ್ನಾಗಿದೆ, ಕಿವಿ ಬೆವರಲ್ಲ," ಎಂದರು ಅತ್ತೆ. "ವಾದ್ಯ ಒಂದೊಂದೂ ಬೇರೆ ಬೇರೆ ಕೇಳಿಸುತ್ತೆ. ಎಡಗಡೆ ಮೂರನೆಯವನು ತಾಳ ತಪ್ಪಿದ. ತಗ್ಗಿನ ಸ್ವರ ತೆಳು. ಪಟ್ಟಿ ನೆತ್ತಿ ಮೇಲೆ ಕುಟ್ಟುತ್ತೆ. ಒಬ್ಬರೇ ಇರೋ ಮನೆಗೆ ಸರಿ, ಸಂಸಾರಸ್ಥರಿಗೆ ಆಗಿಬರಲ್ಲ. ನೀವು ಏನಂದ್ರೂ ನನ್ನ ಅಭಿಪ್ರಾಯ ಇಷ್ಟೇ."

ಸಂಪಾದಕರು ಮತ್ತೆ ಪೆನ್ನಿನ ಮುಚ್ಚಳ ತೆಗೆದರು. ಅವರ ಮುಖ ಅರಳಿತ್ತು. "ಅಮ್ಮಾ, ತಾವು ಬರೀತೀರಾ?"

"ಬರೆಯೋಕೆ ನನಗೆ ಕಣ್ಣು ಸರಿಯಾಗಿ ಕಾಣಲ್ಲ. ಅಳಿಯಂದ್ರು ಅಂಗಡಿಯಿಂದ ಕನ್ನಡಕ ತರ್ತೀನಿ ಅಂದು ವಾರ ಆಯ್ತು. ಹೇಳ್ತೀನಿ, ಅವರೇ ಬರ್ಕೊಳ್ಳಲಿ. ಅಕ್ಷರ ಮುತ್ತಿನ ಹಾಗಿದೆ."

ಆ ಸಂಜೆಯೇ ಮೊದಲ ಅಂಕಣ ಸಿದ್ಧವಾಯಿತು. ಅತ್ತೆ ಕಾಲು ಚಾಚಿ ಕುಳಿತು, ಕಣ್ಣು ಮುಚ್ಚಿ, ಬೆರಳಿನಿಂದ ತಾಳ ಹಾಕುತ್ತಾ ಹೇಳಿದರು. ರಾಯರು ಬರೆದರು. ಮೊದಲ ವಾಕ್ಯ ಬರೆಯುವಾಗಲೂ ಅಕ್ಷರ ಕೆಡಲಿಲ್ಲ: "ಹೆಡ್‌ಫೋನನ್ನು ಪರೀಕ್ಷಿಸುವ ಮೊದಲು ತಂತಿ ಸಿಕ್ಕಿಸಬೇಕು, ನಮ್ಮ ಮನೆಯಲ್ಲೇ ಒಬ್ಬರಿಗೆ ಇದು ಇತ್ತೀಚೆಗೆ ತಿಳಿಯಿತು."